ಎಮಿಗ್ರಂಟ್ ಮತ್ತು ಇಮಿಗ್ರಂಟ್: ಒಂದೇ ಪಯಣದ ಎರಡು ಹೆಸರು

(ಟ್ಯಾಂಪಿನೀಸ್‌ನಲ್ಲಿ ನಡೆದ ನಮ್ಮ ಸಂಘದ ಸಮಾವೇಶದಲ್ಲಿ ಮಾಡಿದ ದಿಕ್ಸೂಚಿ ಭಾಷಣದ ಬರಹ ರೂಪ)



ಇತಿಹಾಸದ ಬಗ್ಗೆ ಏನಾದರೂ ಹೇಳಿ ಎಂದು ಸಂಘದವರು ಕೇಳಿದರು. ರಾಜ ಮಹಾರಾಜರ ಕಥೆ ಬೇಡ, ನಮ್ಮೆಲ್ಲರ ಪಾಸ್‌ಪೋರ್ಟಿನಲ್ಲಿರುವ ಇತಿಹಾಸವನ್ನೇ ಹೇಳೋಣ ಅಂದುಕೊಂಡು ಎರಡು ಇಂಗ್ಲಿಷ್ ಪದಗಳನ್ನು ಆರಿಸಿಕೊಂಡಿದ್ದೇನೆ. ಒಂದು ಎಮಿಗ್ರಂಟ್, ಇನ್ನೊಂದು ಇಮಿಗ್ರಂಟ್. ನಮ್ಮ ನಾಲಿಗೆಯಲ್ಲಿ ಇವೆರಡಕ್ಕೂ ಇರುವ ವ್ಯತ್ಯಾಸ ಮೊದಲ ಅಕ್ಷರದ್ದು ಮಾತ್ರ. ಕಳೆದ ಸಲ ಊರಿನಿಂದ ಹೊರಟಾಗ ಬೆಂಗಳೂರು ವಿಮಾನ ನಿಲ್ದಾಣದಿಂದ ಅಮ್ಮನಿಗೆ ಫೋನ್ ಮಾಡಿ "ಎಮಿಗ್ರೇಶನ್ ಆಯ್ತಮ್ಮ" ಅಂದೆ. ಚಾಂಗಿಯಲ್ಲಿ ಇಳಿದ ಮೇಲೆ ಮನೆಯವಳಿಗೆ ಫೋನ್ ಮಾಡಿ ಅದೇ ಮಾತನ್ನು ಹೇಳಿದೆ. ಎರಡರಲ್ಲಿ ಒಂದು ತಪ್ಪು ಎಂದು ಆಮೇಲೆ ಹೊಳೆಯಿತು. ನನ್ನೊಬ್ಬನದೇ ತಪ್ಪಲ್ಲ ಬಿಡಿ. ಬೆಂಗಳೂರಿನಲ್ಲಿ ದೇಶ ಬಿಟ್ಟು ಹೊರಡುವವರ ಪಾಸ್‌ಪೋರ್ಟ್ ನೋಡುವವರೂ ಬ್ಯೂರೋ ಆಫ್ ಇಮಿಗ್ರೇಶನ್‌ನವರೇ.

ಮೊದಲು ಅರ್ಥ ನೋಡೋಣ. ಎರಡೂ ಪದಗಳ ಮೂಲ ಲ್ಯಾಟಿನ್ ಭಾಷೆಯ ಒಂದೇ ಕ್ರಿಯಾಪದ. ಜಾಗ ಬದಲಿಸುವುದು, ಬಿಡಾರ ಎತ್ತುವುದು ಎಂದು ಅದರ ಅರ್ಥ. ಅದರ ಮುಂದೆ 'ಹೊರಗೆ' ಎನ್ನುವ ಉಪಸರ್ಗ ಸೇರಿದರೆ ಎಮಿಗ್ರಂಟ್, ಊರು ಬಿಟ್ಟು ಹೋದವನು. 'ಒಳಗೆ' ಎನ್ನುವ ಉಪಸರ್ಗ ಸೇರಿದರೆ ಇಮಿಗ್ರಂಟ್, ಊರಿಗೆ ಬಂದವನು. ಮನುಷ್ಯ ಒಬ್ಬನೇ, ಪ್ರಯಾಣವೂ ಒಂದೇ. ಹೇಳುವವನು ಯಾವ ದಡದಲ್ಲಿ ನಿಂತಿದ್ದಾನೆ ಎಂಬುದರ ಮೇಲೆ ಹೆಸರು ಬದಲಾಗುತ್ತದೆ.

ಕನ್ನಡದಲ್ಲಿ ಇದಕ್ಕೆ ಎರಡು ಪದ ಬೇಕಾಗಿಲ್ಲ. ನಮಗೆ ವಲಸೆ ಎಂಬ ಒಂದೇ ಪದ ಸಾಕು. ದಿಕ್ಕನ್ನು ಹೇಳುವ ಕೆಲಸವನ್ನು ಕ್ರಿಯಾಪದ ಮಾಡುತ್ತದೆ. ನನ್ನ ಅಮ್ಮ "ಮಗ ವಲಸೆ ಹೋದ" ಎನ್ನಬಹುದು, ಇಲ್ಲಿನ ನೆರೆಯವರು "ಇವರು ವಲಸೆ ಬಂದವರು" ಎನ್ನಬಹುದು. ಹೋದ, ಬಂದ. ಇಂಗ್ಲಿಷು ಪದದ ತಲೆಯಲ್ಲಿ ಇಟ್ಟದ್ದನ್ನು ಕನ್ನಡ ವಾಕ್ಯದ ಕೊನೆಯಲ್ಲಿ ಇಟ್ಟಿದೆ.

ಇಂಗ್ಲಿಷಿನಲ್ಲಿಯೂ ಈ ಎರಡು ಪದಗಳ ವಯಸ್ಸು ಒಂದೇ ಅಲ್ಲ. ಬಿಟ್ಟು ಹೋಗುವವನನ್ನು ಸೂಚಿಸುವ ಪದ ಹಳೆಯದು. ಬಂದವನನ್ನು ಸೂಚಿಸುವ ಪದ ಬಳಕೆಯಲ್ಲಿ ಗಟ್ಟಿಯಾಗಿ ನೆಲೆ ನಿಂತದ್ದು ಅಮೆರಿಕದಲ್ಲಿ, 18ನೆಯ ಶತಮಾನದ ಕೊನೆಯಲ್ಲಿ. ನ್ಯೂ ಹ್ಯಾಂಪ್‌ಶೈರ್ ಪ್ರಾಂತ್ಯದ ಇತಿಹಾಸ ಬರೆದ ಜೆರೆಮಿ ಬೆಲ್‌ನ್ಯಾಪ್ 1792ರಲ್ಲಿ ಬಂದ ತನ್ನ ಗ್ರಂಥದ ಮೂರನೆಯ ಸಂಪುಟದಲ್ಲಿ, ಇಮಿಗ್ರಂಟ್ ಮುಂತಾದ ಪದಗಳನ್ನು ತಾನು ನಿಘಂಟಿನ ಕಟ್ಟಳೆ ಮೀರಿ ಬಳಸಿದ್ದೇನೆ, ಜನಸಂಖ್ಯೆಯ ವಿಷಯ ಬರೆಯುವಾಗ ಇವು ಬಹಳ ಅನುಕೂಲ ಎಂಬ ಸಮಜಾಯಿಷಿ ಕೊಟ್ಟಿದ್ದಾನೆ. ಜನ ಹೊರಗೆ ಹೋಗುವ ದೇಶಕ್ಕೆ ಒಂದು ಪದ ಸಾಕಾಗಿತ್ತು, ಜನ ಬಂದು ತುಂಬಿಕೊಳ್ಳುವ ದೇಶಕ್ಕೆ ಇನ್ನೊಂದು ಬೇಕಾಯಿತು.

ಈಗ ನಮ್ಮ ಸಮುದ್ರಕ್ಕೆ ಬರೋಣ. ಈಸ್ಟ್ ಇಂಡಿಯಾ ಕಂಪನಿ 1786ರಲ್ಲಿ ಪೆನಾಂಗ್‌ನಲ್ಲಿ ಕಾಲೂರಿತು, 1819ರಲ್ಲಿ ಸಿಂಗಪುರದಲ್ಲಿ. 1826ರಲ್ಲಿ ಪೆನಾಂಗ್, ಮಲಾಕಾ, ಸಿಂಗಪುರ ಸೇರಿ ಸ್ಟ್ರೇಟ್ಸ್ ಸೆಟ್ಲ್‌ಮೆಂಟ್ಸ್ ಆಯಿತು. ಇವುಗಳ ಆಡಳಿತ ಬಹುಕಾಲ ನಡೆದದ್ದು ಕಲ್ಕತ್ತೆಯಿಂದ. ಅಂದರೆ ಮದ್ರಾಸಿನಲ್ಲಿ ಹಡಗು ಹತ್ತಿ ಸಿಂಗಪುರದಲ್ಲಿ ಇಳಿದ ಕೂಲಿಯವನು ಒಂದೇ ಸರ್ಕಾರದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋದಂತೆ ಲೆಕ್ಕ. 1867ರ ಏಪ್ರಿಲ್ 1ರಂದು ಸ್ಟ್ರೇಟ್ಸ್ ಅನ್ನು ಭಾರತ ಸರ್ಕಾರದ ಕೈಯಿಂದ ತೆಗೆದು ಲಂಡನ್ನಿನ ವಸಾಹತು ಕಚೇರಿಯ ಅಧೀನಕ್ಕೆ ಕೊಟ್ಟರು. ಸಮುದ್ರ ಅದೇ, ಹಡಗು ಅದೇ, ಕೂಲಿಯೂ ಅದೇ. ಆದರೆ ಆ ದಿನದಿಂದ ಆತ ಹೊರಡುವಾಗ ಎಮಿಗ್ರಂಟ್, ಇಳಿಯುವಾಗ ಇಮಿಗ್ರಂಟ್. ಗಡಿ ಅವನ ಮೇಲೆ ಹಾದು ಹೋಯಿತು.

ಈ ಎರಡು ಪದಗಳಿಗೆ ಎರಡು ದಡಗಳಲ್ಲಿ ಕಚೇರಿಗಳೇ ಇದ್ದವು. ಗುತ್ತಿಗೆ ಕೂಲಿಗಳನ್ನು ಮಾರಿಷಸ್ಸಿಗೆ ಸಾಗಿಸುವುದು 1834ರಲ್ಲಿ ದೊಡ್ಡದಾಗಿ ಶುರುವಾಗಿತ್ತು. ಅದರಲ್ಲಿ ನಡೆದ ಮೋಸ, ಸಾವುಗಳ ಸುದ್ದಿ ಹಬ್ಬಿ 1839ರಲ್ಲಿ ನಿಷೇಧ ಬಂತು. 1842ರಲ್ಲಿ ಮತ್ತೆ ಬಾಗಿಲು ತೆರೆದ ಮೇಲೆ ಹೊರಡುವ ಬಂದರಿನಲ್ಲಿ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಎಂಬ ಅಧಿಕಾರಿಯನ್ನು ಕೂರಿಸಿದರು. ಆಚೆ ದಡದಲ್ಲಿ, ಮಾರಿಷಸ್ಸಿನಲ್ಲಿ ಮತ್ತು ಮುಂದೆ ನಟಾಲಿನಲ್ಲಿ, ಪ್ರೊಟೆಕ್ಟರ್ ಆಫ್ ಇಮಿಗ್ರಂಟ್ಸ್ ಕೂತಿರುತ್ತಿದ್ದ. ಹೋಗುವವನಿಗೆ ಒಬ್ಬ ರಕ್ಷಕ, ಬಂದವನಿಗೆ ಇನ್ನೊಬ್ಬ ರಕ್ಷಕ. ಕೇಳಲು ಚೆನ್ನಾಗಿದೆ. ಆದರೆ ಮೊದಲಿನವನ ಕೆಲಸ ಹಡಗು ಬಿಟ್ಟ ಕೂಡಲೇ ಮುಗಿಯುತ್ತಿತ್ತು, ಎರಡನೆಯವನ ಕೆಲಸ ಹಡಗು ಬಂದ ಮೇಲೆ ಶುರುವಾಗುತ್ತಿತ್ತು. ಇಬ್ಬರ ದಫ್ತರದಲ್ಲೂ ಆ ಮನುಷ್ಯನ ಅರ್ಧ ಬದುಕು ಮಾತ್ರ ಇತ್ತು. ಊರಿನಲ್ಲಿ ಮಾಡಿದ ಸಾಲ ಇಲ್ಲಿನವರಿಗೆ ಕಾಣುತ್ತಿರಲಿಲ್ಲ, ಇಲ್ಲಿನ ತೋಟದಲ್ಲಿ ಬಿದ್ದ ಪೆಟ್ಟು ಅಲ್ಲಿನವರಿಗೆ ಕಾಣುತ್ತಿರಲಿಲ್ಲ.

ನಮ್ಮ ಈ ಭಾಗಕ್ಕೆ ಬರುವ ಜನ ಹೆಚ್ಚಾಗಿ ಹೊರಡುತ್ತಿದ್ದದ್ದು ಮದ್ರಾಸ್ ಮತ್ತು ನಾಗಪಟ್ಟಣ ಬಂದರುಗಳಿಂದ, ಮೊದಲು ಇಳಿಯುತ್ತಿದ್ದದ್ದು ಪೆನಾಂಗಿನಲ್ಲಿ. ಆಗ ಬಳ್ಳಾರಿಯೂ ದಕ್ಷಿಣ ಕನ್ನಡವೂ ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳು ಎಂಬುದನ್ನು ನೆನಪಿಡಿ. 1907ರಲ್ಲಿ ತೋಟದ ಮಾಲೀಕರಿಂದ ಹಣ ಕೂಡಿಸಿ ಕೂಲಿಗಳ ಪ್ರಯಾಣದ ಖರ್ಚಿಗೆ ಒಂದು ನಿಧಿ ಮಾಡಿದರು. ಅದಕ್ಕೆ ಇಟ್ಟ ಹೆಸರು ತಮಿಳು ಇಮಿಗ್ರೇಶನ್ ಫಂಡ್. ತೆಲುಗರೂ ಮಲಯಾಳಿಗಳೂ ಬರುತ್ತಿದ್ದರು, ಆದರೆ ದಡದ ಮೇಲೆ ನಿಂತು ಎಣಿಸುವವನ ಕಣ್ಣಿಗೆ ಎಲ್ಲರೂ ತಮಿಳರೇ. ಹೆಚ್ಚು ಜನ ಯಾರೋ ಅವರ ಹೆಸರು ಎಲ್ಲರಿಗೂ ಅಂಟಿಕೊಳ್ಳುವುದು ಬಂದ ನಾಡಿನ ರೀತಿ. ಇಂದಿಗೂ ನಮ್ಮನ್ನು ಕಂಡವರು ಮೊದಲು ತಮಿಳಿನಲ್ಲಿ ಮಾತಾಡಿಸುತ್ತಾರೆ, ಆಮೇಲೆ ಹಿಂದಿಯಲ್ಲಿ.

ಕಡಲು ದಾಟದೆ ಹೋದವರಿಗೆ ಈ ಎರಡು ಪದಗಳ ಪೈಕಿ ಒಂದೂ ಸಿಗಲಿಲ್ಲ. ದಕ್ಷಿಣ ಕನ್ನಡದ ಕೂಲಿಗಳು ವರ್ಷ ವರ್ಷ ಘಟ್ಟ ಹತ್ತಿ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಹೋಗುತ್ತಿದ್ದರು. ಮಲಯದ ತೋಟಗಳಿಗೆ ಕಂಗಾಣಿ ಹೇಗೋ ಇಲ್ಲಿಗೆ ಮೇಸ್ತ್ರಿ ಹಾಗೆ. ಮೇಸ್ತ್ರಿಯೇ ಮುಂಗಡ ಕೊಟ್ಟು ಜನ ಕರೆದೊಯ್ಯುತ್ತಿದ್ದ. ಮುಂಗಡ ಪಡೆದು ಕೆಲಸ ಬಿಟ್ಟರೆ 1859ರ ಕಾಯ್ದೆಯ ಪ್ರಕಾರ ಜೈಲು. ಆದರೂ ಅವರು ಎಮಿಗ್ರಂಟ್ ಅಲ್ಲ, ಇಮಿಗ್ರಂಟೂ ಅಲ್ಲ. ಅವರಿಗೆ ಯಾವ ಬಂದರಿನಲ್ಲಿಯೂ ಪ್ರೊಟೆಕ್ಟರ್ ಇರಲಿಲ್ಲ. ಊರಿನವರ ಬಾಯಲ್ಲಿ ಅವರು ಘಟ್ಟದ ಮೇಲೆ ಹೋದವರು, ಅಷ್ಟೇ.

ಗುತ್ತಿಗೆ ಕೂಲಿ ಪದ್ಧತಿ ಮಲಯದಲ್ಲಿ 1910ರಲ್ಲಿ ನಿಂತಿತು. ಕಂಗಾಣಿಯ ಮೂಲಕ ಬರುವುದು ಮುಂದುವರಿಯಿತು. 1922ರಲ್ಲಿ ಭಾರತದಲ್ಲಿ ಹೊಸ ಎಮಿಗ್ರೇಶನ್ ಕಾಯ್ದೆ ಬಂತು. ಇಲ್ಲಿ ಪದದ ಅರ್ಥ ಒಂದು ಹೆಜ್ಜೆ ಸರಿಯಿತು. ನಿಘಂಟಿನಲ್ಲಿ ದೇಶ ಬಿಟ್ಟು ಹೋಗುವ ಪ್ರತಿಯೊಬ್ಬನೂ ಎಮಿಗ್ರಂಟ್. ಕಾನೂನಿನಲ್ಲಿ ಹಾಗಲ್ಲ. ಕೂಲಿಯ ಒಪ್ಪಂದಕ್ಕೆ ಬಿದ್ದು ಹೋಗುವವನು, ಇನ್ನೊಬ್ಬರ ಖರ್ಚಿನಲ್ಲಿ ಹೋಗುವವನು ಎಮಿಗ್ರಂಟ್. ಸ್ವಂತ ದುಡ್ಡಿನಲ್ಲಿ ವ್ಯಾಪಾರಕ್ಕೆ ಹೋಗುವ ಸೆಟ್ಟಿ ಎಮಿಗ್ರಂಟ್ ಅಲ್ಲ, ಬ್ಯಾರಿಸ್ಟರ್ ಓದಲು ಹೋಗುವವನೂ ಅಲ್ಲ. ಕುಶಲವಲ್ಲದ ಕೆಲಸಕ್ಕೆ ಹೋಗುವವರಿಗೆ ಸರ್ಕಾರ ಅನುಮತಿಸಿದ ದೇಶಗಳು ಮಾತ್ರ. 1938ರಲ್ಲಿ ಮಲಯದ ತೋಟಗಳಲ್ಲಿ ಕೂಲಿ ಇಳಿಸಿದ ಜಗಳದಲ್ಲಿ ಭಾರತ ಸರ್ಕಾರ ನೆರವಿನ ಮೇಲೆ ಕೂಲಿಗಳು ಬರುವುದನ್ನೇ ನಿಲ್ಲಿಸಿತು.

ಆ ಕಾಲದ ಎಸ್‌ಎಸ್ ರಜೂಲಾ ಹಡಗಿನ ಬಗ್ಗೆ ಇಲ್ಲಿನ ಹಿರಿಯರು ಕೇಳಿರುತ್ತೀರಿ. 1926ರಿಂದ 1970ರ ದಶಕದ ಆರಂಭದವರೆಗೆ ಅದು ಮದ್ರಾಸ್, ನಾಗಪಟ್ಟಣ, ಪೆನಾಂಗ್, ಸಿಂಗಪುರಗಳ ನಡುವೆ ಓಡಾಡಿತು. ಅದರಲ್ಲಿ ಕ್ಯಾಬಿನ್ ಪ್ರಯಾಣಿಕರು ಬೇರೆ, ಡೆಕ್ ಪ್ರಯಾಣಿಕರು ಬೇರೆ. ಸಿಂಗಪುರದ ದಕ್ಷಿಣಕ್ಕಿರುವ ಸೇಂಟ್ ಜಾನ್ಸ್ ದ್ವೀಪದಲ್ಲಿ 1874ರಲ್ಲೇ ಒಂದು ಕ್ವಾರಂಟೈನ್ ಕೇಂದ್ರ ತೆರೆದಿದ್ದರು. ಡೆಕ್ಕಿನಲ್ಲಿ ಬಂದವರನ್ನು ಅಲ್ಲಿ ಇಳಿಸಿ, ದಿನಗಟ್ಟಲೆ ಇಟ್ಟುಕೊಂಡು, ರೋಗವಿಲ್ಲ ಎಂದು ಖಾತ್ರಿಯಾದ ಮೇಲೆ ಊರಿನೊಳಗೆ ಬಿಡುತ್ತಿದ್ದರು. ಆ ದ್ವೀಪದಲ್ಲಿ ಇದ್ದಷ್ಟು ದಿನ ಆತ ಎಮಿಗ್ರಂಟ್ ಆಗಿ ಮುಗಿದಿದ್ದ, ಇಮಿಗ್ರಂಟ್ ಇನ್ನೂ ಆಗಿರಲಿಲ್ಲ.

ಸ್ವಾತಂತ್ರ್ಯದ ನಂತರ ಎರಡೂ ದಡಗಳು ತಮ್ಮ ತಮ್ಮ ಪದವನ್ನು ಬಿಗಿ ಮಾಡಿಕೊಂಡವು. ಇಲ್ಲಿ 1952ರ ಇಮಿಗ್ರೇಶನ್ ಕಾನೂನು 1953ರ ಆಗಸ್ಟ್‌ನಲ್ಲಿ ಜಾರಿಗೆ ಬಂದು, ಬ್ರಿಟಿಷ್ ಪ್ರಜೆ ಎಂಬ ಕಾರಣಕ್ಕೆ ಭಾರತೀಯರಿಗಿದ್ದ ಸಲೀಸು ಪ್ರವೇಶ ಮುಗಿಯಿತು. 1965ರಲ್ಲಿ ಸ್ವತಂತ್ರವಾದ ಸಿಂಗಪುರ ಅದೇ ವರ್ಷ ಪ್ರಜೆಗಳಲ್ಲದವರಿಗೆ ಕೆಲಸದ ಪರವಾನಗಿ ಕಡ್ಡಾಯ ಮಾಡಿತು. 1990ರಲ್ಲಿ ಫಾರಿನ್ ವರ್ಕರ್ಸ್ ಹೆಸರಿನ ಕಾಯ್ದೆ ಬಂತು, 2007ರಲ್ಲಿ ಆ ಹೆಸರನ್ನೇ ಫಾರಿನ್ ಮ್ಯಾನ್‌ಪವರ್ ಎಂದು ಬದಲಿಸಿದರು. ಗಮನಿಸಿ, ಈ ಹೆಸರುಗಳಲ್ಲಿ ಇಮಿಗ್ರಂಟ್ ಎಂಬ ಪದ ಇಲ್ಲ. ನಾವು ಬಂದಿದ್ದೇವೆ, ಆದರೆ ಬಂದು ನೆಲೆಸಿದವರು ಎಂದು ಈ ದಡ ಇನ್ನೂ ಒಪ್ಪಿಲ್ಲ.

ಆ ದಡದಲ್ಲಿ 1983ರ ಎಮಿಗ್ರೇಶನ್ ಕಾಯ್ದೆ ಬಂತು. ಆ ಹಳೆಯ ಹುದ್ದೆ, ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್, ಅದರಲ್ಲಿಯೂ ಉಳಿಯಿತು. ಹೊರದೇಶದಲ್ಲಿ ಕೆಲಸಕ್ಕೆಂದು ಹೊರಡುವುದೇ ಎಮಿಗ್ರೇಶನ್ ಎಂದು ಆ ಕಾಯ್ದೆ ಹೇಳುತ್ತದೆ. ಆದರೆ ತಪಾಸಣೆ ಎಲ್ಲರಿಗೂ ಇಲ್ಲ. ಗಲ್ಫ್ ದೇಶಗಳು, ಮಲೇಷ್ಯಾ ಮುಂತಾದ ಪಟ್ಟಿಯಲ್ಲಿರುವ ದೇಶಗಳಿಗೆ ಹೋಗುವವರಲ್ಲಿ ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂಬ ಮೊಹರು. ಮಂಗಳೂರು, ಭಟ್ಕಳ, ಕಾಸರಗೋಡಿನ ಮನೆಗಳಿಗೆ ಈ ಮೂರು ಅಕ್ಷರಗಳ ಪರಿಚಯ ಚೆನ್ನಾಗಿ ಇದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಇದ್ದವನು ಸುಮ್ಮನೆ ಪ್ರಯಾಣಿಕ, ಇಲ್ಲದವನು ಎಮಿಗ್ರಂಟ್. 1922ರಲ್ಲಿ ಎಳೆದ ಗೆರೆ ಇನ್ನೂ ಅಳಿಸಿಲ್ಲ.

ಸಿಂಗಪುರ ಆ ಪಟ್ಟಿಯಲ್ಲಿ ಇಲ್ಲ. ಆದರೆ ಇಲ್ಲಿಯೂ ಗೆರೆ ಇದೆ. ಎಂಪ್ಲಾಯ್‌ಮೆಂಟ್ ಪಾಸ್, ಎಸ್ ಪಾಸ್, ವರ್ಕ್ ಪರ್ಮಿಟ್. ಮೊದಲ ಎರಡರಲ್ಲಿ ನಿಗದಿತ ಸಂಬಳ ಮೀರಿದವನು ಹೆಂಡತಿ ಮಕ್ಕಳನ್ನು ಕರೆತರಬಹುದು, ಪಿಆರ್‌ಗೆ ಅರ್ಜಿ ಹಾಕಬಹುದು, ಒಂದು ದಿನ ನಿಜವಾದ ಇಮಿಗ್ರಂಟ್ ಆಗಬಹುದು. ಕಟ್ಟಡದ ಕೆಲಸಕ್ಕೆ ವರ್ಕ್ ಪರ್ಮಿಟ್‌ನಲ್ಲಿ ಬಂದವನು ಸಂಸಾರ ತರುವಂತಿಲ್ಲ. ಆತ ಎಷ್ಟು ವರ್ಷ ಇದ್ದರೂ ಊರು ಬಿಟ್ಟವನಾಗಿಯೇ ಇರುತ್ತಾನೆ.

ಈ ಗೆರೆ ಎಲ್ಲರ ಕಣ್ಣಿಗೂ ಕಂಡದ್ದು 2020ರಲ್ಲಿ. ದಿನವೂ ಸಂಜೆ ಬರುತ್ತಿದ್ದ ಕೋವಿಡ್ ಲೆಕ್ಕ ನೆನಪಿರಬಹುದು. ಹೊರಗಿನಿಂದ ಬಂದವರು ಇಷ್ಟು, ಕಮ್ಯೂನಿಟಿಯಲ್ಲಿ ಇಷ್ಟು, ಡಾರ್ಮಿಟರಿಯಲ್ಲಿ ಇಷ್ಟು. ಸುಮಾರು 3 ಲಕ್ಷ ಕೆಲಸಗಾರರು ಡಾರ್ಮಿಟರಿಗಳಲ್ಲಿದ್ದರು, ಸೋಂಕು ಬಹುಪಾಲು ಅವರಲ್ಲೇ ಇತ್ತು. ಆ ಏಪ್ರಿಲ್‌ನಲ್ಲಿ ಪ್ರತ್ಯೇಕ ವಲಯ ಎಂದು ಘೋಷಿಸಿದ ಸ್ಥಳಗಳಲ್ಲಿ ನಮ್ಮ ಟ್ಯಾಂಪಿನೀಸ್ ಡಾರ್ಮಿಟರಿಯೂ ಒಂದು. ರೋಗ ತಡೆಯಲು ಬೇರೆ ಬೇರೆ ಎಣಿಸಬೇಕಾಗಿತ್ತು, ಅದನ್ನು ನಾನು ಒಪ್ಪುತ್ತೇನೆ. ಆದರೂ ಕಮ್ಯೂನಿಟಿ ಎಂದರೆ ಸಮುದಾಯ. ನಾನಿರುವ ಬ್ಲಾಕಿನಿಂದ ಸೈಕಲ್ಲಿನಲ್ಲಿ ಹೋಗಬಹುದಾದಷ್ಟು ದೂರದಲ್ಲಿದ್ದವರು ಸಮುದಾಯದ ಲೆಕ್ಕದ ಹೊರಗಿದ್ದರು. ಸೇಂಟ್ ಜಾನ್ಸ್ ದ್ವೀಪ ಸಮುದ್ರದಿಂದ ನಡುನಾಡಿಗೆ ಬಂದಂತಿತ್ತು.

ನಾವಿರುವ ಊರನ್ನೇ ನೋಡಿ. ಟೆಂಪಿನಿಸ್ ಎಂಬ ಗಟ್ಟಿ ಮರದಿಂದ ಇದಕ್ಕೆ ಹೆಸರು ಬಂತು. ಒಂದು ಕಾಲಕ್ಕೆ ಇಲ್ಲಿ ಮರಳು ತೆಗೆಯುವ ಹೊಂಡಗಳಿದ್ದವು. 1970ರ ದಶಕದ ಕೊನೆಗೆ ಹೊಸ ಊರು ಏಳತೊಡಗಿತು, 1992ರಲ್ಲಿ ಅದಕ್ಕೆ ವರ್ಲ್ಡ್ ಹ್ಯಾಬಿಟ್ಯಾಟ್ ಪ್ರಶಸ್ತಿ ಬಂತು. ಇಲ್ಲಿ ಹಳೆಯ ಕಾಲದಿಂದ ಇದ್ದದ್ದು ಆ ಮರ ಮಾತ್ರ. ಉಳಿದವರೆಲ್ಲ ಎಲ್ಲಿಂದಲೋ ಬಂದವರೇ.

ಒಂದು ಭಾನುವಾರ ಟ್ಯಾಂಪಿನೀಸ್ ಎಂಆರ್‌ಟಿ ಸ್ಟೇಷನ್ನಿನ ಹೊರಗೆ ಫೋನಿನಲ್ಲಿ ಮಾತಾಡುತ್ತ ನಿಂತಿದ್ದೆ. ಪಕ್ಕದಲ್ಲಿದ್ದ ಯುವಕನೊಬ್ಬ ನಾನು ಫೋನ್ ಇಡುವವರೆಗೂ ಕಾದು, "ಅಣ್ಣಾರ, ನೀವು ಕನ್ನಡದವ್ರೇನ್ರಿ?" ಅಂದ. ರಾಯಚೂರು ಕಡೆಯವನು, ಕಟ್ಟಡದ ಕೆಲಸ. "ಯಾವಾಗ ಬಂದ್ರಿ ಇಲ್ಲಿಗೆ?" ಎಂದು ಕೇಳಿದೆ. "ಊರು ಬಿಟ್ಟು ಆರು ವರ್ಷ ಆತ್ರಿ" ಎಂದ. ನಾನು ಬಂದದ್ದನ್ನು ಕೇಳಿದ್ದೆ, ಆತ ಬಿಟ್ಟದ್ದನ್ನು ಹೇಳಿದ್ದ. ಅವನೂ ಅದೇ ಪ್ರಶ್ನೆ ಕೇಳಿದಾಗ ನಾನು "ಬಂದು ಹದಿನಾಲ್ಕು ವರ್ಷವಾಯ್ತು" ಎಂದೆ. ಇಬ್ಬರೂ ಒಂದೇ ಸಮುದ್ರ ದಾಟಿದವರು. ಅವನಿಗೆ ಸಂಘದ ವಿಷಯ ಹೇಳಿದೆ. "ಅಲ್ಲಿ ನಮ್ಮಂಥಾವ್ರೂ ಬರಬೌದೇನ್ರಿ?" ಎಂದು ಕೇಳಿದ. ಈ ಭಾಷಣ ಶುರುವಾದದ್ದು ಆ ಪ್ರಶ್ನೆಯಿಂದ.

ನಮ್ಮ ಭಾಷೆಯಲ್ಲಿಯೂ ಗೆರೆಗಳಿವೆ, ಅದನ್ನು ಮುಚ್ಚಿಡುವುದು ಬೇಡ. ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳದವರು ಬರಗಾಲಕ್ಕೆ ಬೆಂಗಳೂರು, ಮುಂಬೈ, ಗೋವಾಕ್ಕೆ ಹೋದರೆ ಅದು ಗುಳೆ. ನಾವು ಕಂಪ್ಯೂಟರ್ ಕೆಲಸಕ್ಕೆ ಹೊರದೇಶಕ್ಕೆ ಬಂದರೆ ಅನಿವಾಸಿ ಕನ್ನಡಿಗ, ಹೊರನಾಡ ಕನ್ನಡಿಗ. ಪರದೇಶಕ್ಕೆ ಹೋದವನು ಎಂದರೆ ಗೌರವ, ಪರದೇಶಿ ಎಂದರೆ ದಿಕ್ಕಿಲ್ಲದವನು. 2017ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಪ್ರವಾಸಿ ಭಾರತೀಯ ದಿವಸ್ ನಡೆದಾಗ ಊರಿನ ಗೆಳೆಯನೊಬ್ಬ, "ಏನಯ್ಯಾ, ನಿಮ್ಮನ್ನು ಟೂರಿಸ್ಟ್ ಮಾಡಿಬಿಟ್ಟರಲ್ಲ" ಎಂದು ನಕ್ಕಿದ್ದ. ಹಿಂದಿಯಲ್ಲಿ ಪ್ರವಾಸಿ ಎಂದರೆ ಹೊರನಾಡಿಗ, ಕನ್ನಡದಲ್ಲಿ ಊರು ನೋಡಲು ಹೋದವನು. ನಕ್ಕರೂ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಹದಿನಾಲ್ಕು ವರ್ಷ ಪ್ರವಾಸ ಮಾಡುವವರು ಯಾರು?

ನಮ್ಮಲ್ಲಿ ಅನೇಕರ ಮನೆಯಲ್ಲಿ ಈಗ ಈ ಎರಡು ಪದಗಳ ನಡುವೆಯೇ ಮಾತುಕತೆ ನಡೆಯುತ್ತಿದೆ. ಪಿಆರ್ ಆದ ಮನೆಯ ಮಗ ಬೆಳೆದಾಗ ನ್ಯಾಷನಲ್ ಸರ್ವಿಸ್‌ಗೆ ಹೋಗಬೇಕು. ಇಲ್ಲಿನ ಪೌರತ್ವ ಪಡೆದರೆ ಭಾರತದ ಪೌರತ್ವ ತಾನಾಗಿ ಹೋಗುತ್ತದೆ, ಉಳಿಯುವುದು ಒಸಿಐ ಕಾರ್ಡು. ಶಾಲೆಯಲ್ಲಿ ಮಾತೃಭಾಷೆ ಎಂದು ಮಗು ಕಲಿಯುವುದು ತಮಿಳು ಅಥವಾ ಹಿಂದಿ, ಏಕೆಂದರೆ ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ಅಪ್ಪ ಅಮ್ಮ ಇನ್ನೂ ಊರು ಬಿಟ್ಟವರಾಗಿ ಯೋಚಿಸುತ್ತಿರುತ್ತಾರೆ, ಮಗು ಆಗಲೇ ಇಲ್ಲಿಗೆ ಸೇರಿರುತ್ತದೆ. ಯಾರು ಯಾವುದನ್ನು ಆರಿಸಿಕೊಳ್ಳಬೇಕು ಎಂದು ನಾನು ಹೇಳಲಾರೆ. ಒಂದನ್ನು ಆರಿಸಿದ ಮಾತ್ರಕ್ಕೆ ಇನ್ನೊಂದು ಸುಳ್ಳಾಗುವುದಿಲ್ಲ ಎಂದು ಮಾತ್ರ ಇತಿಹಾಸ ನೋಡಿ ಹೇಳಬಲ್ಲೆ. ಎರಡು ದಡದ ಕಚೇರಿಗಳು ಒಬ್ಬ ಮನುಷ್ಯನನ್ನು ಎರಡು ಅರ್ಧ ಮಾಡಿ ಬರೆದುಕೊಂಡವು. ಆ ಎರಡು ಅರ್ಧಗಳನ್ನು ಒಂದೇ ಪುಟದಲ್ಲಿ ಬರೆಯಬಲ್ಲ ಜಾಗ ಇಂಥ ಸಂಘ ಮಾತ್ರ.

ಅದಕ್ಕೇ ನನ್ನ ಕೋರಿಕೆ ಎರಡೇ. ಸಂಘದ ಸದಸ್ಯರ ದಾಖಲೆಯಲ್ಲಿ ಸಿಂಗಪುರಕ್ಕೆ ಬಂದ ವರ್ಷದ ಜೊತೆ ಊರು ಬಿಟ್ಟ ವರ್ಷವನ್ನೂ, ಊರಿನ ಹೆಸರನ್ನೂ ಬರೆಸಿಕೊಳ್ಳೋಣ. ನಮ್ಮಲ್ಲಿ ಎಷ್ಟೋ ಜನರಿಗೆ ಎರಡೂ ಒಂದೇ ವರ್ಷವಲ್ಲ, ನಡುವೆ ಬೆಂಗಳೂರೋ ದುಬೈಯೋ ಇರುತ್ತದೆ. ಎರಡನೆಯದು, ಆ ದಾಖಲೆಯಲ್ಲಿ ಪಾಸ್ ಯಾವುದು ಎಂಬ ಕಾಲಂ ಬೇಡ. ಡಾರ್ಮಿಟರಿಯ ಹುಡುಗರಿಗೆ ರಾಜ್ಯೋತ್ಸವದ ಕರೆ ನಾವೇ ಹೋಗಿ ಕೊಡೋಣ. ಭಾನುವಾರವೂ ಓಟಿ ಇರುವವರಿಗೆ ಹೊಂದುವ ಸಮಯ ನೋಡೋಣ.

ಕೊನೆಯ ಮಾತು. ಮನೆಯಿಂದ ಹೊರಡುವಾಗ ನಾನು ಒಮ್ಮೆ "ಹೋಗ್ತೀನಮ್ಮ" ಅಂದದ್ದಕ್ಕೆ ಅಮ್ಮ ಬಾಗಿಲಲ್ಲೇ ನಿಲ್ಲಿಸಿ ಬೈದಿದ್ದಳು. "ಬರ್ತೀನಿ ಅನ್ನು" ಎಂದಳು. ನಿಮ್ಮೆಲ್ಲರ ಅಮ್ಮಂದಿರೂ ಹೀಗೇ ಬೈದಿರುತ್ತಾರೆ. ಹೊರಟವನು ಬರುವವನೂ ಆಗಿರಬೇಕು ಎಂದು ಆ ತಾಯಂದಿರು ಯಾವ ನಿಘಂಟನ್ನೂ ನೋಡದೆ ಹೇಳಿಕೊಟ್ಟರು. ಮುಂದಿನ ಭಾನುವಾರ ಆ ರಾಯಚೂರಿನ ಹುಡುಗನನ್ನು ಸ್ಟೇಷನ್ ಹತ್ತಿರ ನೋಡುತ್ತೇನೆ ಎಂದು ಹೇಳಿದ್ದೇನೆ. ಅವನ ಪ್ರಶ್ನೆಗೆ ನೀವೆಲ್ಲ ಏನು ಹೇಳಿದಿರಿ ಎಂದು ಅವನಿಗೆ ತಿಳಿಸಬೇಕಾಗಿದೆ.

ಬರ್ತೀನಿ, ನಮಸ್ಕಾರ.